ಭಜನೆಯಾಗಿಹೋದ ಮದುವೆ

ಅಧ್ಯಕ್ಷ ಶಾಂತಪ್ಪನವರೇ, ಅತಿಥಿಗಳೇ, ನಾರಾಯಣಗೂಡದ ಟ್ರಾಫಿಕ್ ದಾಟಿ ಸಮಯಕ್ಕೆ ಬಂದಿರುವ ಹಾಗೂ ಊಟದ ಸಮಯಕ್ಕೆ ತಪ್ಪದೆ ಬರಲಿರುವ ಸಭಿಕರೇ,

ನಮ್ಮ ಸಮಾಜದ ಈ ಪ್ರಾರ್ಥನಾ ಮಂದಿರಕ್ಕೆ ನಲವತ್ತು ವರ್ಷ ದುಡಿದೆನೆಂದು ಶಾಲು ಹೊದಿಸಿದ್ದೀರಿ. ಶಾಲಿನ ಜೊತೆಗೆ ಒಂದು ಕಾಗದವನ್ನೂ ಕೈಗಿಟ್ಟಿದ್ದೀರಿ. ‘ಇಡೀ ಕಟ್ಟಡ ಪ್ರಾರ್ಥನೆಗೆ ಮಾತ್ರ ಬಳಕೆಯಾಗುತ್ತದೆ, ತೆರಿಗೆ ವಿನಾಯಿತಿ ಕೊಡಿ’ ಎಂದು ಅದರಲ್ಲಿದೆ. ಹಿರಿಯ ಸದಸ್ಯನಾದ ನಾನು ಸಹಿ ಹಾಕಬೇಕಂತೆ. ಹಿಂದೆ ಹಾಕಿದ್ದೇನೆ. ಹಾಕಿದ್ದಕ್ಕೆ ಏನಾಯಿತೆಂದು ಹೊಸಬರಿಗೆ ಹೇಳಬೇಡವೇ?

ತೊಂಬತ್ತೆಂಟರ ಮೇ ತಿಂಗಳು. ಇದೇ ಹಾಲಿನಲ್ಲಿ ನನ್ನ ಮಗಳು ವಿಜಯಶ್ರೀಯ ಮದುವೆ. ಹತ್ತೂ ಇಪ್ಪತ್ತರ ಮುಹೂರ್ತಕ್ಕೆ ಅಕ್ಕಿಕಾಳು ಬೀಳಬೇಕು. ಹತ್ತಕ್ಕೆ ತೆರಿಗೆ ಕಚೇರಿಯ ಉಪೇಂದ್ರ ಎಂಬವರು ತಪಾಸಣೆಗೆ ಬಂದರು. ಆಗ ಕಾರ್ಯದರ್ಶಿಯಾಗಿದ್ದ ಶಾಂತಪ್ಪನವರು ನನ್ನ ಕಿವಿಯಲ್ಲಿ, “ಅಮರೇಶಪ್ಪಣ್ಣಾರ, ಇಲ್ಲಿ ಮದುವಿ ನಡಿಯಂಗಿಲ್ಲ ಅಂತ ನೀವ ಬರದು ಕೊಟ್ಟೀರಿ. ಈಗ ಹೆಂಗ್ರಿ?” ಎಂದರು.

ಹೇಗೆಂದರೆ, ಭಜನೆ ಮಾಡಿದೆವು. ಮದುಮಗನ ಬಾಸಿಂಗ ಬಿಚ್ಚಿಸಿ ಕೈಗೆ ತಾಳ ಕೊಟ್ಟೆವು. ವಾದ್ಯದವರನ್ನು ಹಿತ್ತಲಿಗೆ ಅಟ್ಟಿದೆವು. ಮದುಮಗಳನ್ನು ಹೆಂಗಸರ ಸಾಲಿನಲ್ಲಿ ಕೂರಿಸಿದೆವು. ಉಪೇಂದ್ರರು ಪರಮ ಭಕ್ತರು; ಕಣ್ಣು ಮುಚ್ಚಿ ಕೂತವರು ಏಳಲಿಲ್ಲ. ಒಂದು ಗಂಟೆ ಹಾಡಿದೆವು. ಮುಹೂರ್ತ ಹೋಯಿತು. ತಾಳಿ ನನ್ನ ಜುಬ್ಬದ ಜೇಬಿನಲ್ಲೇ ಇತ್ತು; ಅವರು ಹೋದ ಮೇಲೆಯೇ ಕಟ್ಟಿಸಿದ್ದು. ಹೋಳಿಗೆ ಉಂಡು ಹೊರಟ ಆ ಮನುಷ್ಯ ವಿಜಯಶ್ರೀಯ ಕೈಗೆ ಐವತ್ತೊಂದು ರೂಪಾಯಿ ಇಟ್ಟು, “ಚಲ್ಲಗಾ ಉಂಡಮ್ಮಾ”, ತಣ್ಣಗೆ ಬಾಳಮ್ಮಾ, ಎಂದು ತೆಲುಗಿನಲ್ಲಿ ಹರಸಿದರು. ಭಜನೆಯಲ್ಲಿ ಯಾರಾದರೂ ಮುಯ್ಯಿ ಮಾಡುತ್ತಾರೆಯೇ?

ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ ಶಿವದೇವಿ ಮೂರು ದಿನ ಮಾತು ಬಿಟ್ಟಿದ್ದಳು. ನನ್ನ ಸಂಸಾರದಲ್ಲಿ ಅಷ್ಟು ಶಾಂತಿ ಮತ್ತೆ ಸಿಕ್ಕಿಲ್ಲ. ನಾಲ್ಕನೆಯ ದಿನ ಹೇಳಿದಳು: “ಮಂದಿ ದೇವರ ಮುಂದ ಮದುವಿ ಮಾಡ್ತಾರ. ನೀವು ದೇವರ ಹಿಂದ ಮದುವಿ ಮುಚ್ಚಿಟ್ರಿ.”

ಧರ್ಮಕ್ಕೆ ತೆರಿಗೆ ಹಾಕಿ ಎನ್ನುವವನಲ್ಲ ನಾನು. ಹಳೆಯ ಶಾಸನಗಳನ್ನು ಓದಿದ್ದೇನೆ. ಅರಸರು ದೇವಾಲಯಗಳಿಗೆ ತೆರಿಗೆಯಿಲ್ಲದ ಸರ್ವಮಾನ್ಯ ಭೂಮಿ ಬಿಟ್ಟರು, ಜೊತೆಗೆ ಹಸಿದವರಿಗೆ ಅನ್ನ ಹಾಕಿ ಎಂದೂ ಕೆತ್ತಿಸಿದರು. ನಮ್ಮ ಪೂಜಾ ಕೋಣೆಗೆ ವಿನಾಯಿತಿ ಕೇಳಿ. ಅಮೀರ್‌ಪೇಟ್ ಹಾಸ್ಟೆಲಿನ ಮಕ್ಕಳು ಭಾನುವಾರ ಪುಕ್ಕಟೆ ಉಣ್ಣುವ ಕೋಣೆಗೂ ಕೇಳಿ. ಎರಡು ಸಹಿ ಹಾಕುತ್ತೇನೆ. ಆದರೆ ಬಾಡಿಗೆ ತರುವ ಈ ಹಾಲಿಗೆ ಏತಕ್ಕೆ? ಕೋಠಿ ಬಜಾರಿನ ಆರಡಿ ಅಂಗಡಿಯಲ್ಲಿ ಹಳೆ ಪುಸ್ತಕ ಮಾರುವವನೂ ತೆರಿಗೆ ಕಟ್ಟುತ್ತಾನೆ. ನಮ್ಮ ಮದುವೆಗಳ ಎಂಜಲೆಲೆ ಒಯ್ಯುವ ಲಾರಿ ಅವನ ದುಡ್ಡಿನಲ್ಲಿ ಓಡುತ್ತದೆ. ಅವನ ದುಡ್ಡಿನಲ್ಲಿ ನಾವು ಭಕ್ತರಾಗುವುದೇ? ದೇವರು ಎಂದಾದರೂ ಹಾಲಿಗೆ ಅಡ್ವಾನ್ಸ್ ಕೇಳಿದ್ದಾನೆಯೇ?

ಮುಂದಿನ ತಿಂಗಳು ಇಲ್ಲಿ ವಿಜಯಶ್ರೀಯ ಮಗಳು ಸಂಯುಕ್ತಾಳ ಮದುವೆ. ತೆರಿಗೆಯಿಂದ ಬಾಡಿಗೆ ಏರಿದರೆ ಮೊದಲು ನಾನೇ ಕೊಡುತ್ತೇನೆ. ಕಾಗದ ಇಗೋ, ಸಹಿ ಇಲ್ಲ. ಶಾಂತಪ್ಪನವರೇ, ಶಾಲು ಬೇಕಾದರೆ ವಾಪಸ್ ತಗೊಳ್ಳಿ. ಇಂದಿನ ಹೋಳಿಗೆ ಊಟ ಮಾತ್ರ ನಾನು ಬಿಡುವವನಲ್ಲ.

ಸಂಯುಕ್ತಾಳ ಮದುವೆಯ ದಿನ ಬಾಗಿಲಿಗೆ ಯಾರೇ ಬರಲಿ, ‘ಮದುವೆ ನಡೀತಿದೆ, ಬನ್ನಿ’ ಎನ್ನಿ. ವಾದ್ಯ ನಿಲ್ಲದಿರಲಿ. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬೀಳಲಿ.

ಇಷ್ಟು ಹೊತ್ತು ಕೇಳಿದ ನಿಮಗೆ, ಇಷ್ಟು ವರ್ಷ ಕಾದ ಶಿವದೇವಿಗೆ ಧನ್ಯವಾದ. ನಮಸ್ಕಾರ.