ಸುಡು ತಣ್ಣಿ

ಅಲ್ಲ ಕಿಟ್ಟಣ್ಣ, ಆ ಸ್ಟೂಲು ಬೇಡ! ಅದರ ಒಂದು ಕಾಲು ನಂಬುವ ಹಾಗಿಲ್ಲ. ಇದರ ಮೇಲೆ ಹತ್ತಿ... ಹಾಂ. ಗೋಡೆ ಹಿಡ್ಕೊಳ್ಳಿ. ನೀವು ಬಿದ್ದರೆ ನಿಮ್ಮ ಮನೆಯವರಿಗೆ ಉತ್ತರ ಕೊಡಲಿಕ್ಕೆ ನನ್ನಿಂದಾಗುವುದಿಲ್ಲ. ಗೀಸರಿನ ಗಲಾಟೆಯೇ ಸಾಕಾಗಿದೆ ನನಗೆ.

ಹೌದು ಮಾರಾಯ್ರೆ, ಇದೇ. ಹೊರಗಿಂದ ನೋಡಿದರೆ ಎಂತದೂ ಗೊತ್ತಾಗುವುದಿಲ್ಲ. ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತುತ್ತದೆ. ಟ್ಯಾಂಕಿನೊಳಗೆ ಗುಳುಗುಳು ಶಬ್ದವೂ ಬರ್ತದೆ. ಸ್ವಲ್ಪ ಹೊತ್ತಿಗೆ ದೀಪ ತಾನಾಗಿ ಆರ್ತದೆ, ನೀರು ಕಾದಿದೆ ಅನ್ನುವ ಹಾಗೆ. ನಾಟಕ! ಬರೀ ನಾಟಕ! ನಳ್ಳಿ ತಿರುಗಿಸಿದರೆ ತಣ್ಣೀರು. ದೀಪ ಹಚ್ಚಿ ಆರಿಸಲಿಕ್ಕೆ ನನಗೆ ಗೀಸರು ಯಾಕೆ, ದೇವರ ಕೋಣೆ ಇಲ್ವಾ?

ಇವರಾ? ಇವರನ್ನು ಕೇಳಿ ಪ್ರಯೋಜನ ಇಲ್ಲ. ಈ ಚೆನ್ನೈ ಸೆಖೆಗೆ ಬಿಸಿನೀರು ಯಾಕೆ ಅಂತ ಮಳೆಗಾಲದಲ್ಲೂ ತಣ್ಣೀರು ಮೀಯುವ ಮನುಷ್ಯ. ಗೀಸರಿನ ನಳ್ಳಿ ಮುಟ್ಟಿದವರೇ ಅಲ್ಲ. ಈಗಲೂ ನೋಡಿ, ಮೊಮ್ಮಗಳಿಗೆ ಬಟ್ಟೆ ತರ್ತೇನೆ ಅಂತ ಟಿ. ನಗರಕ್ಕೆ ಹೋಗಿ ಕೂತಿದ್ದಾರೆ. ಆ ಮಗುವಿಗೆ ಬಟ್ಟೆ ಹಾಕುವ ಮೊದಲು ಮೀಯಿಸಬೇಕಲ್ಲ, ಅದರ ಚಿಂತೆ ಯಾರಿಗುಂಟು?

ನಾಳೆಗೆ ಇದು ಸರಿಯಾಗಲೇಬೇಕು ಕಿಟ್ಟಣ್ಣ. ನಾಳೆಯಿಂದ ನಮ್ಮ ಮಗಳು ಸಮೀಕ್ಷಾಳ ಮಗುವನ್ನು ಮೀಯಿಸುವುದು ನಾನು. ಇಷ್ಟು ದಿನ ಅದಕ್ಕೆ ನಾಗಮಣಿ ಅಂತ ಒಬ್ಬಳು ಬರ್ತಿದ್ದಳು. ತಂಗಿಯ ಮದುವೆ ಅಂತ ಇವತ್ತು ಊರಿಗೆ ಹೊರಟುಹೋದಳು. ಹೋಗಲಿ, ಒಳ್ಳೆಯದೇ ಆಯ್ತು! ಪ್ಲಾಸ್ಟಿಕ್ ಟಬ್ಬಿನಲ್ಲಿ ಮಗುವನ್ನು ಹರಿವೆ ಸೊಪ್ಪು ತೊಳೆದ ಹಾಗೆ ತೊಳೆಯುವುದು, ಅದೊಂದು ಸ್ನಾನವಾ? ಮಣೆ ಹಾಕಿ ಕೂತು, ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಕವುಚಿ ಮಲಗಿಸಿ ಬೆನ್ನಿಗೆ ನೀರು ಹೊಯ್ಯಬೇಕು. ಆಗ ಮಗು ಗಟ್ಟಿಯಾಗುವುದು. ಸಮೀಕ್ಷಾಳ ಕೋಣೆಯ ಬಾತ್‌ರೂಮಿನಲ್ಲಿ ಕಾಲು ಚಾಚಲಿಕ್ಕೆ ಜಾಗ ಎಲ್ಲಿ? ಅದಕ್ಕೆ ಅಡುಗೆಮನೆ ಹಿಂದಿನ ಈ ಬಚ್ಚಲೇ ಆಗಬೇಕು.

ಏನು, ಅವಳ ಗೀಸರಿನಿಂದ ಬಕೆಟಿನಲ್ಲಿ ನೀರು ತರಬಹುದಲ್ಲ ಅಂತಲಾ? ತರಬಹುದು... ಆದರೆ ಅಲ್ಲಿಯ ನೀರೂ ಈಗೀಗ ಅಷ್ಟಕ್ಕಷ್ಟೆ. ಅವಳು ಚೆನ್ನಾಗಿ ಕಾಯ್ತದೆ ಅಂತಾಳೆ. ಅವಳಿಗೆಂತ ಗೊತ್ತು ಬಿಡಿ.

ನನ್ನ ಕೈ ನಿಮಗೆ ಗೊತ್ತಿಲ್ವಾ? ತ್ರಿಪ್ಲಿಕೇನಿನಲ್ಲಿದ್ದಾಗ ನಮ್ಮೂರ ಹೋಟೆಲಿನವರ ಮನೆಯಲ್ಲಿ ಯಾರಿಗೆ ಹೆರಿಗೆಯಾದರೂ ಅಂಬುಜಕ್ಕನನ್ನು ಕರೀರಿ ಅಂತಿದ್ದರು. ನಿಮ್ಮ ಮಗ ಸಂದೇಶನನ್ನು ಮೀಯಿಸಿದ್ದು ಯಾರು ಹೇಳಿ? ಆ ಹಠಮಾರಿ ನನ್ನ ಕಾಲಿನ ಮೇಲೆ ಮಾತ್ರ ತೆಪ್ಪಗೆ ಮಲಗ್ತಿದ್ದ. ಎರಡೆರಡು ಸಲ ನೀರಿಗೆ ಕೈ ಅದ್ದಿ ನೋಡುವವಳಲ್ಲ ನಾನು. ಬೆರಳು ಮುಟ್ಟಿಸಿದರೆ ಸಾಕು, ಇದು ತಲೆಗೆ, ಇದು ಮೈಗೆ ಅಂತ ಹೇಳ್ತಿದ್ದೆ. ಈಗಲೂ... ಈಗಲೂ ಹೇಳ್ತೇನೆ. ನೀವು ಮೇಲೆ ನೋಡಿ, ಮುಚ್ಚಳ ಬಿಚ್ಚಿ.

ಎಷ್ಟು ಜನ ಬಂದು ಬಿಚ್ಚಿದರು ಗೊತ್ತುಂಟಾ ಅದನ್ನು! ಮೊದಲು ಬಂದವನು ಕಾಯಿಲ್ ತೆಗೆದು ತೋರಿಸಿದ. ನಮ್ಮ ಬೋರ್ ನೀರಿನ ಉಪ್ಪು ಅದರ ಮೇಲೆ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಸಿಕ್ಕಿದನಲ್ಲ ಕಳ್ಳ ಅಂತ ನನಗೆ ಖುಷಿಯೋ ಖುಷಿ. ಹೊಸ ಕಾಯಿಲ್ ಹಾಕಿಸಿದೆ. ಮರುದಿನ ನಳ್ಳಿ ತಿರುಗಿಸಿದರೆ ಅದೇ ತಣ್ಣೀರು! ಪುನಃ ಕರೆಸಿದರೆ, ಗೀಸರು ಸರಿ ಇದೆ ಅಮ್ಮ, ನೀರೇ ಹಾಗೆ ಅಂದ. ಕುಣಿಯಲಾರದವ ನೆಲ ಡೊಂಕು ಅಂದನಂತೆ! ಎರಡನೆಯವ ಬಂದು ಥರ್ಮೋಸ್ಟಾಟ್ ಅಂದ. ಅದನ್ನೂ ಬದಲಿಸಿ, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಇದಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ಹೇಳಿ ಹೋದ. ಪ್ರಯೋಜನ? ಸೊನ್ನೆ!

ಕೊನೆಗೆ ಕಂಪನಿಗೇ ಫೋನು ಮಾಡಿದೆ. ಅಲ್ಲಿ ಒಂದು ಹುಡುಗಿ, ಎನ್ನ ಪ್ರಾಬ್ಲಮ್ ಮ್ಯಾಡಮ್ ಅಂತ ಕೇಳಿದಳು. ನಾನು ಸಿಟ್ಟಿನಲ್ಲಿ, "ತಣ್ಣಿ ವರುದು!" ಅಂದುಬಿಟ್ಟೆ. ತಣ್ಣೀರು ಬರ್ತದೆ ಅಂತ! ಅವರಿಗೆ ತಣ್ಣಿ ಅಂದರೆ ನೀರು, ಅಷ್ಟೇ ಅಲ್ವಾ. "ತಣ್ಣಿ ವರುದಾ? ರೊಂಬ ಸಂದೋಷಂ ಮ್ಯಾಡಮ್!" ಅಂತ ಫೋನಿಟ್ಟಳು. ನಿಮ್ಮ ದೂರು ಪರಿಹಾರವಾಗಿದೆ ಅಂತ ಮೆಸೇಜು ಬೇರೆ!

ನಗುವುದೆಂತ ಕಿಟ್ಟಣ್ಣ? ನಗಿ, ನಗಿ. ಈ ಊರಿಗೆ ಮದುವೆಯಾಗಿ ಬಂದು ತಲೆ ಹಣ್ಣಾಯ್ತು. ತರಕಾರಿಯವನ ಹತ್ತಿರ ತಮಿಳಿನಲ್ಲೇ ಜಗಳ ಮಾಡ್ತೇನೆ. ಆದರೆ ಸಿಟ್ಟು ನೆತ್ತಿಗೇರಿದರೆ ಬಾಯಿಗೆ ಊರ ಭಾಷೆಯೇ ಬರುವುದು, ಎಂತ ಮಾಡಲಿ? ಬಿಸಿನೀರಿಗೆ ಇವರು ಸುಡು ತಣ್ಣಿ ಅಂತಾರಲ್ಲ, ನನ್ನ ಕಿವಿಗೆ ಇವತ್ತಿಗೂ ಅದು ಸುಡುವ ತಣ್ಣೀರು! ಬಂದವರೆಲ್ಲ, ಸುಡು ತಣ್ಣಿ ವರುದು ಅಮ್ಮ ಅಂತಾರೆ. ನಾನು ತಣ್ಣೀರು, ತಣ್ಣೀರು ಅಂತ ಬಡ್ಕೊಳ್ತೇನೆ. ಅವರು ತಲೆ ಆಡಿಸಿ ಹೋಗ್ತಾರೆ. ಅದಕ್ಕೇ ನಿಮ್ಮನ್ನು ಕರೆಸಿದ್ದು. ಹೋಟೆಲಿನಲ್ಲಿ ಅಷ್ಟು ದೊಡ್ಡ ಬಾಯ್ಲರ್ ನೋಡಿಕೊಂಡವರು, ನಮ್ಮ ಭಾಷೆಯವರು. ನಿಮಗೆ ತಣ್ಣೀರು ಅಂದರೆ ತಣ್ಣೀರು, ಬಿಸಿ ಅಂದರೆ ಬಿಸಿ.

ವಯರೆಲ್ಲ ಸರಿ ಉಂಟಾ? ಇಗೋ, ದೀಪ ಆರಿತು, ನೋಡಿದಿರಲ್ಲ? ಈಗ ಇಳಿದು ನಳ್ಳಿ ತಿರುಗಿಸಿ. ಬಕೆಟ್ ಅಡಿಯಲ್ಲೇ ಉಂಟು. ಕೈ ಒಡ್ಡಿ ನೀವೇ ನೋಡಿ...

ಎಂತಾಯ್ತು? ಯಾಕೆ ಹಾಗೆ ಕೈ ಎಳ್ಕೊಂಡದ್ದು? ಅಯ್ಯೋ, ಇಡ್ಲಿ ತಟ್ಟೆಯನ್ನು ಹಬೆಯಿಂದ ಬರಿಗೈಯಲ್ಲಿ ಎತ್ತುತ್ತಿದ್ದ ಮನುಷ್ಯ ನೀವು! ಕೆಲಸ ಬಿಟ್ಟ ಮೇಲೆ ಮೆತ್ತಗಾದಿರಿ, ಅಷ್ಟೆ. ಸರೀರಿ ಈಚೆ. ನಾನು ತೋರಿಸ್ತೇನೆ. ಇಗೋ, ಕೈ ಹಿಡಿದಿದ್ದೇನೆ. ಇನ್ನೂ ಹಿಡಿದಿದ್ದೇನೆ. ಇದು ಬಿಸಿಯಾ? ಹೇಳಿ, ಇದು ಬಿಸಿ... ಬಿಡಿ! ಬಿಡಿ ಕಿಟ್ಟಣ್ಣ, ನನ್ನ ಕೈ ಯಾಕೆ ಎಳೀತೀರಿ? ನಳ್ಳಿ ನಿಲ್ಲಿಸಿದ್ದು ಯಾಕೆ?

ಕೆಂಪಗಾದರೆ ಆಗಲಿ. ಆ ಗುಳ್ಳೆಯಾ... ಅದು ಮೊನ್ನೆ ದೋಸೆ ಕಾವಲಿ ತಾಗಿದ್ದು. ಅಡುಗೆ ಮಾಡುವವರಿಗೆ ಕಾವಲಿ ತಾಗುವುದಿಲ್ವಾ? ಕನ್ನಡಿಗೆ ಹಬೆ ಹಿಡೀತಾ? ಅದು ಹಳೆ ಕನ್ನಡಿ, ಮೊದಲಿಂದಲೂ ಮಬ್ಬು. ಅಲ್ಲ, ನಿಮಗೆ ಗೀಸರು ನೋಡಿ ಅಂತ ಹೇಳಿದ್ದು, ನನ್ನನ್ನು ಅಲ್ಲ! ಪೈಪು ನೋಡಿ. ಗೋಡೆಯೊಳಗೆ ಎಲ್ಲೋ ಬಿಸಿ ಪೈಪಿಗೆ ತಣ್ಣೀರಿನ ಪೈಪು ಸೇರಿರಬೇಕು. ಟೈಲ್ಸ್ ಒಡೆಯಬೇಕಾದರೆ ಒಡೆಯಿರಿ, ನಾನು ಬೇಡ ಅನ್ನುವುದಿಲ್ಲ.

ಸ್ಕ್ರೂಡ್ರೈವರ್ ಯಾಕೆ ಕಿಸೆಗೆ ಹಾಕ್ತಿದ್ದೀರಿ?

ಗೀಸರು ಹಾಳಾಗಿದೆ ಅಂತ ಒಂದು ಮಾತು ಹೇಳಿ ಮಾರಾಯ್ರೆ. ಒಂದೇ ಮಾತು. ಬೇರೆಯವರೆಲ್ಲ ಸರಿ ಇದೆ ಅಂದಾಗ, ಅವರಿಗೆ ನನ್ನ ಮಾತು ಅರ್ಥ ಆಗಲಿಲ್ಲ ಅಂದ್ಕೊಂಡೆ. ತಣ್ಣಿ, ತಣ್ಣೀರು, ಅದರದ್ದೇ ಗೊಂದಲ ಅಂದ್ಕೊಂಡೆ. ನಿಮಗೆ ಅರ್ಥ ಆಗ್ತದಲ್ಲ... ನಿಮಗೆ ಎಲ್ಲ ಅರ್ಥ ಆಗ್ತದೆ. ಹಾಗೆ ನೋಡಬೇಡಿ ಕಿಟ್ಟಣ್ಣ. ನನಗೆ ಹೆದರಿಕೆ ಆಗ್ತದೆ.

ಹೌದು, ಈ ಮರಗಟ್ಟುವುದು ಸಕ್ಕರೆ ಕಾಯಿಲೆಯದ್ದೇ. ಡಾಕ್ಟರು ಹೇಳಿದ್ದರು. ಮೊದಲು ಕಾಲಿಗೆ ಬಂತು. ಪಲ್ಲಾವರಂ ಸಂತೆಯಲ್ಲಿ ಒಂದು ಚಪ್ಪಲಿ ಕಳಚಿಹೋಗಿತ್ತು, ಬಿಸಿಲಿಗೆ ಕಾದ ರಸ್ತೆಯಲ್ಲಿ ನಡೆದು ಬಂದಿದ್ದೇನೆ. ಇವರು ನೋಡಿ ಹೇಳಿದ ಮೇಲೆ ನನಗೆ ಗೊತ್ತಾದದ್ದು! ಆಗ ನಗಾಡಿ ತೇಲಿಸಿದೆ. ಈಗ ಕೈಗೂ ಬಂದಿದೆ. ಗುಳ್ಳೆ ಕಾವಲಿಯದ್ದಲ್ಲ, ಈ ನಳ್ಳಿಯದ್ದೇ. ಹಬೆ ಕಾಣ್ತದೆ ಕಿಟ್ಟಣ್ಣ, ಕಣ್ಣಿಗೆ ಎಂತದೂ ಆಗಿಲ್ಲ ನನಗೆ. ಹಬೆ ಕಾಣುವಾಗಲೂ ಕಾಯಿಲ್ ಹಾಳಾಗಿರಲಿ ದೇವರೇ ಅಂತ ಬೇಡಿಕೊಂಡೆ. ಕಾಯಿಲ್ ಆದರೆ ಬದಲಿಸಬಹುದಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಸಮೀಕ್ಷಾ ಮಗುವನ್ನು ನನ್ನ ಕೈಗೆ ಕೊಡ್ತಾಳಾ? ಊರ ಮಕ್ಕಳನ್ನೆಲ್ಲ ಮೀಯಿಸಿ, ನನ್ನ ಸ್ವಂತ ಮೊಮ್ಮಗಳನ್ನು ಟಬ್ಬಿನಲ್ಲಿ ಯಾರೋ ಮೀಯಿಸುವುದನ್ನು ಬಾಗಿಲಲ್ಲಿ ನಿಂತು ನೋಡಬೇಕಾ? ಹೊಟ್ಟೆ ಉರೀತದೆ ಕಿಟ್ಟಣ್ಣ. ಅವಳಿಗೆ ಹೇಳಬೇಡಿ, ಕೈ ಮುಗೀತೇನೆ. ನಾಳೆ ಒಂದು ಸಲ. ಅರ್ಧ ಬಕೆಟ್ ಇದು, ಅರ್ಧ ಬಕೆಟ್ ತಣ್ಣೀರು ಬೆರೆಸ್ತೇನೆ. ಇಷ್ಟು ಮಕ್ಕಳನ್ನು ಮೀಯಿಸಿದವಳಿಗೆ ಅಂದಾಜು ಇಲ್ವಾ? ಆಗ್ತದೆ ಅನ್ನಿ... ಆಗ್ತದಲ್ಲ?

ಬೈಯಿರಿ ಬೇಕಾದರೆ. ಹೀಗೆ ತಲೆ ಅಲ್ಲಾಡಿಸಬೇಡಿ...

ಬಿಡಿ. ನೀವು ಎಂತ ಹೇಳುವುದೂ ಬೇಡ. ಅಂದಾಜಿನಲ್ಲಿ ಸಾರಿಗೆ ಉಪ್ಪು ಹಾಕಬಹುದು. ಮಗುವಿಗೆ ನೀರು ಹೊಯ್ಯಲಿಕ್ಕಾಗುವುದಿಲ್ಲ.

ಸಮೀಕ್ಷಾ... ಏ ಸಮೀಕ್ಷಾ! ಮಗು ಮಲಗಿತಾ? ಒಮ್ಮೆ ಈಚೆ ಬಾ. ಇಲ್ಲ ಮಗಾ, ಗೀಸರಿಗೆ ಎಂತದೂ ಆಗಿಲ್ಲ, ಸರಿಯಾಗೇ ಉಂಟು. ಹೇಳ್ತೇನೆ, ಬಾ. ನಾಳೆ ನೀನೂ ನನ್ನ ಹತ್ತಿರ ಕೂರಬೇಕು. ಮೀಯಿಸುವುದು ನಾನು, ನೀರು ನೋಡುವುದು ನೀನು... ನಿಲ್ಲು, ನಿಲ್ಲು! ಬಕೆಟಿಗೆ ಹಾಗೆ ಕೈ ಹಾಕಬೇಡ. ಸುಡ್ತದಂತೆ.