ಲಸಿಕೆಯ ಗಂಟೋ, ರೋಗದ ಗಂಟೋ

ಪಶು ಆಸ್ಪತ್ರೆಯ ಪ್ರಯೋಗಾಲಯದ ಹೊರಗೆ, ನನ್ನ ಎದುರಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವರ ಹಸುವಿನ ಮೈಮೇಲೆ ಗಂಟುಗಳೆದ್ದಿದ್ದವು.

“ನಾನು ಊರಲ್ಲಿಲ್ಲದಾಗ ಲಸಿಕೆ ಹಾಕ್ಸು ಅಂತ ಯಾರೇ ಹೇಳಿದ್ದು ನಿಂಗೆ?”

“ಪಕ್ಕದ ಕೊಟ್ಟಿಗೇಲಿ ಗಂಟುರೋಗಕ್ಕೆ ಹಸು ಸತ್ತಿತ್ತು. ನೀವು ಬರೋತನಕ ಕೈಕಟ್ಕೊಂಡು ಕೂರ್ಲಾ?”

“ನಮ್ಮ ಹಸು ಗುಂಡುಕಲ್ಲಿನ ಹಾಗಿತ್ತು. ಈಗ ಮೇವು ಮೂಸೀನೂ ನೋಡಲ್ಲ.”

“ಲಸಿಕೆಯಿಂದಾನೂ ಕೆಲವಕ್ಕೆ ಗಂಟು ಏಳುತ್ತಂತೆ ರೀ. ಅದು ತಾನಾಗೇ ಇಳಿಯುತ್ತಂತೆ.”

“ಎರಡೂ ನೋಡೋಕೆ ಒಂದೇ ಥರ ಅಂತಾನೂ ಡಾಕ್ಟ್ರು ಹೇಳಿದ್ರಲ್ಲ.”

“ಅದಕ್ಕೇ ಅಲ್ವಾ ಗಂಟಿನ ಚೂರು ತಗೊಂಡಿದ್ದು? ಲಸಿಕೆಯ ವೈರಸ್ಸೂ ರೋಗದ ವೈರಸ್ಸೂ ದಾಯಾದಿಗಳಂತೆ. ಜೀನ್ ಪರೀಕ್ಷೆ ಮಾಡಿದ್ರೆ ಇದು ಯಾವ್ದು ಅಂತ ಗೊತ್ತಾಗುತ್ತಂತೆ.”

“ಲಸಿಕೆಯದ್ದೇ ಅಂತ ಬಂದ್ರೆ ತಪ್ಪು ನಿಂದೇ.”

“ನಂದೇ ಆಗ್ಲಿ ಅಂತ ಬೆಳಗಿಂದ ಬೇಡ್ಕೋತಿದೀನಿ ರೀ. ಹಸು ಉಳಿಯುತ್ತಲ್ಲ.”

ಒಳಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಂತು, ಯಾರೂ ಕರೆಯದಿದ್ದಾಗ ಕೂತುಕೊಳ್ಳುತ್ತಿದ್ದರು. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು.

“ಗಂಟಿನಲ್ಲಿ ಇರೋದು ಲಸಿಕೆಯ ವೈರಸ್ಸೇ. ರೋಗದ್ದು ಸಿಕ್ಕಿಲ್ಲ. ಹೆದರ್ಬೇಡಿ, ಇಳಿಯುತ್ತೆ.”

ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಗಂಡ ಅವಳ ಬೆನ್ನು ಸವರಿದ. ಆಮೇಲೆ ಮೆಲ್ಲಗೆ ಕೇಳಿದ:

“ಹಾಗಾದ್ರೆ ಮನೇಲಿರೋ ಕರೀ ಹಸುಗೂ ಹಾಕ್ಸಿಬಿಡೋಣ್ವೇನೇ?”

“ಅದಕ್ಕೂ ಅವತ್ತೇ ಹಾಕ್ಸಾಯ್ತು. ನಡೀರಿ.”

ಅವಳು ಕಣ್ಣೊರೆಸಿಕೊಳ್ಳುತ್ತ ಮುಂದೆ ಹೋದಳು. ಅವನು ಹಿಂದೆಯೇ ಹೋದ.