ಕಾಶ್ಯಪ ಗೋತ್ರದ ಟಿಯರ್ನಿ

೧೯೯೬ರ ಮಹಾಲಯ ಅಮಾವಾಸ್ಯೆಯ ದಿನ ಅಮೆರಿಕದ ಲಾರೆನ್ಸ್‌ವಿಲ್ಲಿನಲ್ಲಿ ಬೆಳಗಿನಿಂದಲೂ ಮಳೆ. ನೀರಜಾಳ ಮನೆಗೆ ಊಟಕ್ಕೆ ಬಂದಿದ್ದ ನಾವು ನಾಲ್ಕೈದು ಮಂದಿ, ಕರೆಂಟು ಹೋದ ಮೇಲೆ, ಆಕೆಯ ತಂದೆ ಬದರಿನಾಥರಾಯರ ಸುತ್ತ ಕುಳಿತೆವು. ಹೆಂಡತಿ ತೀರಿಕೊಂಡ ಮೇಲೆ ರಾಯರ ಮಾತು ಕಡಿಮೆಯಾಗಿತ್ತು. ನನ್ನ ಹೆಂಡತಿ ವೇದಾ, "ಅಂಕಲ್, ಅಮೆರಿಕದ ದೆವ್ವಗಳೂ ಅಮಾವಾಸ್ಯೆ ಫಾಲೋ ಮಾಡ್ತಾವಾ?" ಎಂದು ತಮಾಷೆ ಮಾಡಿದಳು. ರಾಯರು ನಗಲಿಲ್ಲ.

"ಒಂದು ಮಾಡುತ್ತಮ್ಮ. ನಾನೇ ಕಲಿಸಿದೆ.

"ಐದು ವರ್ಷದ ಹಿಂದೆ ಸೌತ್ ಕ್ಯಾರೊಲೈನಾದಲ್ಲಿ ಒಂದು ಹೊಳೆ ಪಕ್ಕದ ಊರಲ್ಲಿದ್ವಿ. ಮನೆ ಹಿಂದೆ ಮರಗಳ ನಡುವೆ ಒಂದು ಸಮಾಧಿ, ಪಾಚಿ ಕಟ್ಟಿದ ಕಲ್ಲು, ಅದರ ಮೇಲೆ ಕಾರ್ಮಕ್ ಟಿಯರ್ನಿ ಅಂತ ಹೆಸರು... ಹೂವಿಡೋಕೆ ಒಂದು ನರಪಿಳ್ಳೆಯೂ ಬರ್ತಿರಲಿಲ್ಲ. ಮಹಾಲಯದ ದಿನ ನಾನು ಹೊಳೆ ದಡದಲ್ಲಿ ತರ್ಪಣಕ್ಕೆ ಕೂತಾಗ ನಮ್ಮ ವಾರಿಜಾಕ್ಷಿ, 'ಪಾಪ ರೀ, ಅವನಿಗೂ ಒಂದು ಬೊಗಸೆ ಎಳ್ಳುನೀರು ಬಿಡಿ' ಅಂದಳು. ದಿಕ್ಕಿಲ್ಲದವರಿಗೆ ಅಂತ ಹೆಸರು ಹೇಳದೆ ಬಿಡೋ ನೀರು ಇದ್ದೇ ಇದೆ, ಅಷ್ಟು ಸಾಕಿತ್ತು. ನಾನು ದೊಡ್ಡ ಧರ್ಮಾತ್ಮ ನೋಡಿ... ಹೆಸರು ಹಿಡಿದು ಕರೆದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳೋದು ವಾಡಿಕೆ. ನಮ್ಮದೂ ಕಾಶ್ಯಪವೇ. ಅಂದರೆ ಏನಾಯ್ತು? ಅವನನ್ನ ಮನೆಯವನಾಗಿ ಮಾಡ್ಕೊಂಡ ಹಾಗಾಯ್ತು.

"ಅವನು ಎಂಥವನು ಅಂತ ವಿಚಾರಿಸಿದ್ದು ಆಮೇಲೆ. ಲೈಬ್ರರಿಯ ಮುದುಕಿ ಹೇಳಿದಳು. ಇಂಗ್ಲೆಂಡಿನ ದೊರೆ ಆಳ್ತಿದ್ದ ಕಾಲದಲ್ಲಿ ಐರ್ಲೆಂಡಿನಿಂದ ಕಾಲಿಗೆ ಜೋಡಿಲ್ಲದೆ ಬಂದವನಂತೆ. ಹೊಳೆ ದಡದಲ್ಲಿ ಅಂಗಡಿ ಹಾಕಿದ, ಉಪ್ಪು, ಮೊಳೆ, ರಮ್ಮು. ಕಾಡಿನ ಜನಕ್ಕೆ ನೀರು ಬೆರೆಸಿದ ರಮ್ಮು ಕುಡಿಸಿ ಜಿಂಕೆ ಚರ್ಮ ತಗೊಂಡ, ಚರ್ಮ ಮುಗಿದ ಮೇಲೆ ನೆಲ ತಗೊಂಡ, ಮನುಷ್ಯರನ್ನ ದನದ ಹಾಗೆ ಕೊಂಡು ಆ ನೆಲದಲ್ಲಿ ದುಡಿಸಿದ. ಅದೇ ರಮ್ಮು ವೋಟಿನವರಿಗೂ ಕುಡಿಸಿ ಚಾರ್ಲ್ಸ್‌ಟನ್ನಿನ ಶಾಸನಸಭೆಗೆ ಹೋಗಿ ಕೂತ. ಕೂತು ಮಾಡಿದ್ದೇನು? ತನ್ನ ಅಂಗಡಿ ಸುತ್ತ ಹತ್ತು ಮೈಲಿ ಇನ್ನೊಬ್ಬ ಅಂಗಡಿ ಇಡಬಾರದು ಅಂತ ಕಾಯಿದೆ. ಥೂ. ಒಂದು ದಿನ ಒಡಹುಟ್ಟಿದ ತಮ್ಮ ಹಸಿದು ಮನೆ ಮುಂದೆ ಬಂದ. ರೇಷ್ಮೆ ಕೋಟಿನ ಶಾಸಕರು ಬಾಗಿಲಿಗೆ ಅಡ್ಡ ನಿಂತು, 'ನೀವು ಯಾರು?' ಅಂದರಂತೆ. ತಮ್ಮ ಆ ಚಳಿಗಾಲ ದಾಟಲಿಲ್ಲ. ಅಂಥವನು ಸತ್ತರೆ ಅಳೋಕೆ ಯಾರು ಬರ್ತಾರೆ?

"ಮೂರು ವರ್ಷದ ಹಿಂದೆ ವಾರಿಜಾಕ್ಷಿ ಹೋದಳು... ಗಂಡುಮಕ್ಕಳಿಲ್ಲ, ನಾನೇ ಮಾಡಬೇಕು. ವರ್ಷದ ತಿಥಿ ದಿನ ಅವಳ ಪಿಂಡ ಹೊರಗಿಟ್ಟೆ. ಕಾಗೆಗಳು ಬಂದು ಬೇಲಿ ಮೇಲೆ ಸಾಲಾಗಿ ಕೂತವು, ಒಂದೂ ಕೆಳಗೆ ಇಳಿಯಲಿಲ್ಲ. ಅಲ್ಲಿ ಆಗಲೇ ಯಾರೋ ಕೂತಿರೋ ಹಾಗೆ... ನನ್ನ ಕಣ್ಣೆದುರಿಗೇ ಪಿಂಡ ತುತ್ತು ತುತ್ತಾಗಿ ಕಮ್ಮಿ ಆಗ್ತಾ ಹೋಯ್ತು. ಮಧ್ಯಾಹ್ನ ಕಣ್ಣು ಹತ್ತಿದಾಗ ಅವಳು ಬಂದಳು, ಮುಖ ಬಾಡಿತ್ತು. 'ಬಾಗಿಲಲ್ಲಿ ಯಾರೋ ರೇಷ್ಮೆ ಕೋಟಿನವನು ನಿಂತಿದಾನೆ ರೀ. ನೀವು ಯಾರು ಅಂತ ನನ್ನನ್ನೇ ಕೇಳ್ತಾನೆ. ನನಗೆ ಹಸಿವು' ಅಂದಳು.

"ಪುರೋಹಿತರನ್ನ ಕೇಳಿದೆ. ಕೊಟ್ಟ ಗೋತ್ರ ವಾಪಸ್ ತಗೊಳ್ಳೋ ಮಂತ್ರ ಇಲ್ಲ ಅಂದರು. ಆ ಊರು ಬಿಟ್ಟು ಇಲ್ಲಿಗೆ ಬಂದ್ವಿ, ಅವನೂ ಬಂದ... ಮನೆಯವನಲ್ಲವೇ? ಕೊನೆಗೆ ನಾನೇ ಸೋತೆ. ಈಗ ಮೊದಲು ಅವನಿಗೆ ಬಡಿಸ್ತೀನಿ. ಹೊಟ್ಟೆ ತುಂಬಿದರೆ ದಾರಿ ಬಿಡ್ತಾನೆ, ಆಮೇಲೆ ಇವಳಿಗೊಂದು ತುತ್ತು. ಹರಿನಾಮ ಹೇಳೋ ಬಾಯಲ್ಲಿ ಆ ರಮ್ಮಿನಂಗಡಿಯವನಿಗೆ 'ದಯಮಾಡಿಸಬೇಕು' ಅಂತೀನಿ. ಹೆಂಡತಿ ಹಸಿದಿದ್ದರೆ ನೀವಾದರೂ ಏನು ಮಾಡ್ತಿದ್ರಿ?"

ಎಲೆ ಹಾಕಿದ್ದೇನೆಂದು ನೀರಜಾ ಒಳಗಿನಿಂದ ಕರೆದಳು. ಮೇಜಿನ ತುದಿಯಲ್ಲಿ ಎಲ್ಲವನ್ನೂ ಬಡಿಸಿಟ್ಟಿದ್ದ ಒಂದು ಎಲೆಯಿತ್ತು. ಅಲ್ಲಿ ಕೂರಲು ನಾನು ಕುರ್ಚಿಗೆ ಕೈ ಹಾಕಿದೆ.

"ಅಲ್ಲಿ ಬೇಡಪ್ಪ" ಎಂದರು ರಾಯರು, ದನಿ ತಗ್ಗಿಸಿ. "ಅವನಿನ್ನೂ ಪಾಯಸ ಮುಗಿಸಿಲ್ಲ... ನೀನು ಸ್ವಲ್ಪ ಪಕ್ಕಕ್ಕೆ ಸರಿ. ನಿನ್ನ ಬೆನ್ನ ಹಿಂದೆ ಅವಳು ಕಾಯ್ತಾ ನಿಂತಿದಾಳೆ."